ಪೆಟ್ಟಿಗೆಯಲ್ಲಿ ಉಳಿದ ಜೀವ

ಮಟಮಟ ಮಧ್ಯಾಹ್ನ, ಶೆಟರ್ ಎಳೆದು ಹೊರಗಿನಿಂದ ಬೀಗ ಹಾಕಿದ ಹುಸೇನ್ ಸಾಬರ ಅಂಗಡಿಯೊಳಗೆ ಯಾರೋ ವಿಡಿಯೋ ಗೇಮ್ ಆಡುತ್ತಾರೆ ಎಂಬ ಸುದ್ದಿ ಶಿರಾದಲ್ಲಿ ಹಬ್ಬಿದ್ದು ಎಂಬತ್ತೇಳನೆಯ ಇಸವಿಯ ಬೇಸಿಗೆಯಲ್ಲಿ. ಮೊದಲು ಕೇಳಿಸಿಕೊಂಡವನು ಎದುರು ಸಾಲಿನ ಸೋಡಾ ಅಂಗಡಿಯ ಕಾಡಸಿದ್ದಪ್ಪ. ಬಿಸಿಲಿಗೆ ಬೀದಿ ಖಾಲಿಯಾಗಿತ್ತು, ನಾಯಿಗಳೂ ಚರಂಡಿ ಕಲ್ಲಿನ ಕೆಳಗೆ ಸೇರಿಕೊಂಡಿದ್ದವು. ಅವನು ಶೆಟರಿಗೆ ಕಿವಿಯಿಟ್ಟ. ಒಳಗೆ ಟುಕುಟುಕು ಟುಕುಟುಕು ಎಂದು ಕಾಳು ಮೇಯುವ ಸದ್ದು, ನಡುವೆ ಎಲ್ಲೋ ಸಣ್ಣಗೆ ಒಂದು ಕೂಗು. ಬೀಗ ಎಳೆದು ನೋಡಿದ, ಭದ್ರವಾಗಿತ್ತು. ಕೈಯಲ್ಲಿದ್ದ ಗೋಲಿ ಸೋಡಾ ಅಲ್ಲೇ ಇಟ್ಟು ಓಡಿದ.

"ಹುಸೇನ್ ಸಾಬ್ರ ಅಂಗ್ಡಿನಾಗೆ ದೆವ್ವ ಸೇರ್ಕಂಡೈತೆ ಕಣ್ರಲಾ. ನನ್ ಕಿವಿಯಾರೆ ಕೇಳಿವ್ನಿ," ಎಂದು ಸಂಜೆಯವರೆಗೂ ಬಂದ ಗಿರಾಕಿಗಳಿಗೆಲ್ಲ ಹೇಳಿದ.

ಆ ದೆವ್ವ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಕೂತು ಮಸಾಲೆ ಅರೆಯುತ್ತಾ ಇದನ್ನೆಲ್ಲ ಕೇಳಿಸಿಕೊಂಡಿತು. ದೆವ್ವದ ಹೆಸರು ಹಮೀದುನ್ನೀಸಾ, ಹುಸೇನ್ ಸಾಬರ ತಂಗಿ. ಅವಳಿಗೆ ನಗು ಬಂತು, ಸೆರಗು ಬಾಯಿಗೆ ಅಡ್ಡ ಹಿಡಿದಳು. ಆಮೇಲೆ ನಗು ತಾನಾಗಿಯೇ ನಿಂತಿತು. ಆ ಹೊತ್ತಿನಲ್ಲಿ ಆಡುತ್ತಿದ್ದವಳು ಅವಳೇ, ಅದೇನೋ ಸರಿ. ಆದರೆ ಅವಳು ಕೂಗಿರಲಿಲ್ಲ. ಆ ಯಂತ್ರಕ್ಕೂ ಕೂಗುವ ಅಭ್ಯಾಸ ಇರಲಿಲ್ಲ.

ಹಮೀದುನ್ನೀಸಾಳನ್ನು ಪಾವಗಡದ ಬಳೆ ವ್ಯಾಪಾರಿಯೊಬ್ಬನಿಗೆ ಕೊಟ್ಟಿದ್ದರು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವನು ಇನ್ನೊಬ್ಬಳನ್ನು ತಂದು ಮನೆಯಲ್ಲಿಟ್ಟುಕೊಂಡ. ಇವಳು ಒಂದು ಟ್ರಂಕು ಹಿಡಿದು ಶಿರಾಕ್ಕೆ ಬಂದಳು. ಅಣ್ಣ ಬಾ ಎನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಅಂಥ ಮನೆಯಲ್ಲಿ ಹೆಣ್ಣಿಗೆ ಸಿಗುವ ಜಾಗ ಒಲೆಯ ಮುಂದೆ, ಅಲ್ಲಿ ಕೂತಳು. ಬೀದಿಗೆ ಹೋಗಬೇಕಾದರೆ ಬುರ್ಖಾ, ಅಂಗಡಿಗೆ ಯಾರಾದರೂ ಬಂದರೆ ಪರದೆ. ಅವಳು ನಕ್ಕರೆ ಏಕೆ ನಕ್ಕಳೆಂದು ಕೇಳುವವರಿದ್ದರು, ಅತ್ತರೆ ಕೇಳುವವರಿರಲಿಲ್ಲ.

ಮನೆಯ ಮುಂಭಾಗದಲ್ಲಿ ಹುಸೇನ್ ಸಾಬರ ಸೈಕಲ್ ಶಾಪು. ಸೈಕಲ್ ಬಾಡಿಗೆ ಇಳಿದುಹೋದಾಗ ಅವರು ಬೆಂಗಳೂರಿನಿಂದ ಹಳೆಯದೊಂದು ವಿಡಿಯೋ ಗೇಮಿನ ಪೆಟ್ಟಿಗೆಯನ್ನು ಲಾರಿಯಲ್ಲಿ ಗೋಣಿಚೀಲ ಮುಚ್ಚಿ ತಂದರು. ಆಳೆತ್ತರದ ಮರದ ಪೆಟ್ಟಿಗೆ, ಎದೆಯ ಮಟ್ಟಕ್ಕೆ ಗಾಜು, ಗಾಜಿನ ಕೆಳಗೆ ತಿರುಗಿಸಲು ಒಂದು ಗಿಡ್ಡ ಕೋಲು, ಪಕ್ಕದಲ್ಲಿ ಕೆಂಪು ಗುಂಡಿ. ಗಾಜಿನೊಳಗೆ ಓಣಿಗಳು. ಓಣಿಗಳಲ್ಲಿ ಬಿಳಿಯದೊಂದು ಪ್ರಾಣಿ ಕಾಳು ಮೇಯುತ್ತಾ ಓಡಬೇಕು, ಕೆಂಪು ಪ್ರಾಣಿಗಳು ಅಟ್ಟಿಸಿಕೊಂಡು ಬರುತ್ತವೆ. ಅದನ್ನು ಮಾಡಿದವರು ಏನೆಂದುಕೊಂಡು ಮಾಡಿದರೋ, ಕುರಿ ಮೇಯಿಸುವ ಮನೆಗಳಿಂದ ಬಂದ ಕಾಲೇಜು ಹುಡುಗರು ಬಿಳಿಯದನ್ನು ಮರಿ ಎಂದರು, ಕೆಂಪಗಿನವನ್ನು ತೋಳ ಎಂದರು. ತೋಳ ಹಿಡಿದರೆ ಮರಿಗೆ ಇನ್ನೊಂದು ಸಲ ಹುಟ್ಟು, ಒಟ್ಟು ಮೂರು ಸಲ. ಗಾಜಿನ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಹುಡುಗರು ಕನ್ನಡ ಮಾಡಿ ಅದಕ್ಕೆ ಜೀವ ಎಂದು ಕರೆದರು. ದಿನವೆಲ್ಲ ಅಂಗಡಿಯಿಂದ ಅದೇ ಮಾತು. ನಂದು ಒಂದ್ ಜೀವ ಹೋಯ್ತು. ಲೇ, ಇನ್ನೊಂದ್ ಜೀವ ಐತೆ ಕಣ್ಲಾ, ತಳ್ಬ್ಯಾಡ.

ಅವರಲ್ಲೆಲ್ಲ ಗಟ್ಟಿಗನೆಂದರೆ ಮದಲೂರಿನ ಯತ್ತಪ್ಪ. ಮನೆಯಲ್ಲಿ ಕುರಿ, ಇವನೊಬ್ಬ ಪಿಯುಸಿಗೆ ಶಿರಾಕ್ಕೆ ಬರುತ್ತಿದ್ದ. ಕಾಲೇಜು ಬಿಟ್ಟ ಮೇಲೆ ಮದಲೂರಿನ ಬಸ್ಸು ಬರುವವರೆಗೆ ಆಟ. ಪರದೆಯ ಸಂದಿನಿಂದ ಹಮೀದುನ್ನೀಸಾ ಅವನ ಬೆನ್ನು, ಬಲ ಮೊಣಕೈ, ಮೊಣಕೈ ಪಕ್ಕದಲ್ಲಿ ಕಾಣುವ ಅರ್ಧ ಗಾಜು ನೋಡುತ್ತಿದ್ದಳು. ಮೂಲೆ ತಿರುಗಿಸುವ ಮುಂಚೆ ಅವನು ಕೋಲನ್ನು ಎರಡು ಸಲ ಟಕ್ ಟಕ್ ಎಂದು ಬಡಿಯುತ್ತಿದ್ದ. ಅದು ಕುರಿಗಳನ್ನು ತಿರುಗಿಸುವಾಗ ಕೈಗೆ ಬಂದ ಚಾಳಿ, ಆಟಕ್ಕೇನೂ ಬೇಕಿರಲಿಲ್ಲ. ಆಟ ಮುಗಿದ ಮೇಲೆ ಯಂತ್ರ ಗೆದ್ದವನ ಹೆಸರು ಕೇಳುತ್ತದೆ, ಮೂರು ಇಂಗ್ಲಿಷ್ ಅಕ್ಷರ. ಯತ್ತಪ್ಪನ ಮೂರು ಅಕ್ಷರ ಹಮೀದುನ್ನೀಸಾಳಿಗೆ ಓದಲು ಬರದಿದ್ದರೂ ಗುರುತು ಸಿಗುತ್ತಿತ್ತು. ಮೊದಲನೆಯದು ಚಾಟಿಬಿಲ್ಲಿನ ಕವೆ, ಎರಡನೆಯದು ಸುತ್ತಿಗೆ, ಮೂರನೆಯದು ಕೊಡಲಿ.

ನೋಡಿ ನೋಡಿ ಅವಳ ಕೈ ತುರಿಸಿತು. ಮಧ್ಯಾಹ್ನದ ನಮಾಜು, ಊಟ ಮುಗಿಸಿ ಅಣ್ಣ ಮಲಗಿದ ಮೇಲೆ, ಕಸ ಗುಡಿಸುವ ನೆಪದಲ್ಲಿ ಪರದೆ ದಾಟಿ ಅಂಗಡಿಗೆ ಹೋದಳು. ರಿಪೇರಿಯವನು ಅಣ್ಣನಿಗೆ ತೋರಿಸುವಾಗ ಅವಳು ಪರದೆಯಿಂದ ನೋಡಿದ್ದಂತೆ ಪೆಟ್ಟಿಗೆಯ ಹಿಂದಿನ ತಂತಿ ಒತ್ತಿದರೆ ಕಾಸು ಹಾಕದೆಯೂ ಆಟ ಶುರುವಾಗುತ್ತಿತ್ತು. ಮೊದಮೊದಲು ಮರಿ ಹುಟ್ಟಿದಲ್ಲೇ ಸಾಯುತ್ತಿತ್ತು. ಕೆಲವು ತಿಂಗಳಲ್ಲಿ ತೋಳಗಳ ಬುದ್ಧಿ ತಿಳಿಯಿತು, ಅವಕ್ಕೂ ಅವುಗಳದ್ದೇ ಚಾಳಿಗಳಿದ್ದವು. ಹುಡುಗರಿಗೆ ದಾಟಲಾಗದ ಓಣಿಗಳನ್ನು ಅವಳು ಎದುರಿಗೆ ಯಾರೂ ಇಲ್ಲದೆ, ಚಪ್ಪಾಳೆ ಇಲ್ಲದೆ ದಾಟಿದಳು. ಆಟದ ಕೊನೆಗೆ ಯಂತ್ರ ಅವಳ ಹೆಸರನ್ನೂ ಕೇಳಿತು. ಪಾವಗಡದಲ್ಲಾಗಲಿ ಶಿರಾದಲ್ಲಾಗಲಿ ಅವಳ ಹೆಸರನ್ನು ಇಷ್ಟು ಮರ್ಯಾದೆಯಿಂದ ಯಾರೂ ಕೇಳಿರಲಿಲ್ಲ. ಆದರೆ ತನ್ನ ಹೆಸರು ಆ ಅಕ್ಷರಗಳಲ್ಲಿ ಹೇಗೆ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಯಂತ್ರ ಮೊದಲು ತೋರಿಸುವುದು ಗುಡಾರದಂಥ ಒಂದು ಅಕ್ಷರ. ಅದನ್ನೇ ಮೂರು ಸಲ ಒತ್ತಿದಳು. ಮೂರು ಗುಡಾರ, ಅದೇ ಅವಳ ಹೆಸರಾಯಿತು.

ಕರೆಂಟು ಹೋದರೆ ಹೆಸರುಗಳೆಲ್ಲ ಅಳಿಸಿಹೋಗುತ್ತಿದ್ದವು, ಶಿರಾದಲ್ಲಿ ಕರೆಂಟು ಹೋಗದ ದಿನವಿರಲಿಲ್ಲ. ಆದರೂ ಸಂಜೆ ಶೆಟರ್ ಎತ್ತುವ ಹೊತ್ತಿಗೆ ಎಲ್ಲಕ್ಕಿಂತ ಮೇಲೆ ಮೂರು ಗುಡಾರ ಕೂತಿರುತ್ತಿತ್ತು. ಅದು ಪೆಟ್ಟಿಗೆ ಮಾಡಿದವನದ್ದೇ ಹೆಸರಿರಬೇಕು ಎಂದುಕೊಂಡು ಹುಡುಗರು ಸುಮ್ಮನಿದ್ದರು.

ಮಾಘ ಕಳೆದ ಮೇಲೆ ಒಂದು ಸಂಜೆ ಯತ್ತಪ್ಪ ಆಡುತ್ತಿರುವಾಗಲೇ ಬಸ್ಸಿನ ಹಾರನ್ನು ಕೇಳಿತು. ಕೋಲು ಬಿಟ್ಟು ಓಡಿದ. ಬಾಗಿಲಲ್ಲಿ ತಿರುಗಿ, "ಯಾರೂ ಮುಟ್ಬ್ಯಾಡ್ರಲಾ, ನಂದಿನ್ನೂ ಒಂದ್ ಜೀವ ಐತೆ," ಎಂದ. ಅವನ ಬಾಯಿ ಮುಚ್ಚುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಗಾಜು ಕಪ್ಪಾಯಿತು. ಆ ಮರಿಯನ್ನು ತೋಳ ಹಿಡಿದದ್ದನ್ನು ಯಾರೂ ನೋಡಲಿಲ್ಲ. ಬಸ್ಸು ತುಂಬಿತ್ತು, ಯತ್ತಪ್ಪ ಟಾಪು ಹತ್ತಿ ಕೂತ. ಊರು ಇನ್ನೇನು ಬಂತು ಎನ್ನುವಾಗ ಹುಣಸೆ ಕೊಂಬೆ ಬಡಿದು ಕೆಳಗೆ ಬಿದ್ದ. ಮದಲೂರು ಕೆರೆ ಏರಿಯ ಮೇಲೆಯೇ ಪ್ರಾಣ ಹೋಯಿತು.

ಹಮೀದುನ್ನೀಸಾ ಒಲೆಯ ಹೊಗೆಯ ನೆಪ ಮಾಡಿಕೊಂಡು ಎರಡು ದಿನ ಅತ್ತಳು. ಅವನ ಮುಖವನ್ನು ಅವಳು ಸರಿಯಾಗಿ ನೋಡಿರಲೇ ಇಲ್ಲ. ಅವನ ಹೊರತು ಅವಳಿಗೆ ಬೇರೆ ಗುರು ಇರಲಿಲ್ಲ.

ಅದಾದ ಮೇಲೆ ಊರು ಬಾಯಿ ತೆರೆಯಿತು. ಆ ಪೆಟ್ಟಿಗೆ ಜೀವ ತಿನ್ನುತ್ತದೆ, ಹುಡುಗರೇ ಹೇಳುತ್ತಾರಲ್ಲ, ದಿನಾ ಎಷ್ಟು ಜೀವ ಹೋಯಿತು ಅಂತ! ಹೈಸ್ಕೂಲು ಮೇಷ್ಟ್ರು ಮಲ್ಲಿಕಾರ್ಜುನಯ್ಯನವರು ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳನ್ನು ನಿಲ್ಲಿಸಿಕೊಂಡು, ಆ ಗಾಜು ಕಣ್ಣಿನ ಮೂಲಕ ರಕ್ತ ಹೀರುತ್ತದೆ ಎಂದರು. ತುಮಕೂರಿನ ಪತ್ರಿಕೆಯೊಂದು ಯುವಕರನ್ನು ನುಂಗುವ ವಿಡಿಯೋ ಪಿಶಾಚಿ ಎಂದು ಬರೆಯಿತು. ಜೊತೆಗೆ ಒಂದು ಚಿತ್ರ, ಕೋರೆಹಲ್ಲಿನ ಪೆಟ್ಟಿಗೆಯ ಬಾಯೊಳಗೆ ಅರ್ಧ ಹೋದ ಹುಡುಗ. ಇಷ್ಟೆಲ್ಲ ಹೇಳಿದವರಲ್ಲಿ ಒಬ್ಬನೂ ಒಂದು ದಿನಕ್ಕೂ ಆ ಕೋಲು ಹಿಡಿದವನಲ್ಲ. ಪರದೆಯ ಹಿಂದೆ ಹಮೀದುನ್ನೀಸಾ ಹಲ್ಲು ಕಚ್ಚಿದಳು. ಅವನನ್ನು ಕೊಂದದ್ದು ಹುಣಸೆ ಕೊಂಬೆ. ಆದರೆ ಹುಣಸೆ ಕೊಂಬೆಯ ಮೇಲೆ ಯಾರು ಭಾಷಣ ಮಾಡುತ್ತಾರೆ? ಆ ಪೆಟ್ಟಿಗೆಯ ಮುಂದೆ ನಿಂತಾಗ ಮೈಯೆಲ್ಲ ಎಚ್ಚರವಾಗುತ್ತದೆ, ದಿನದ ಉಳಿದ ಹೊತ್ತೇ ನಿದ್ದೆ ಎನ್ನಿಸುತ್ತದೆ. ಅದನ್ನು ಆಡಿದವರು ಹೇಳಬೇಕಿತ್ತು. ಆಡಿದವರನ್ನು ಯಾರೂ ಕೇಳಲಿಲ್ಲ.

ಕಾಡಸಿದ್ದಪ್ಪ ಶೆಟರಿಗೆ ಕಿವಿಯಿಟ್ಟದ್ದು ಈ ದಿನಗಳಲ್ಲೇ. ಅಲ್ಲಿಂದ ಮುಂದೆ ಹುಡುಗರು ಮೂರು ಗುಡಾರವನ್ನು ಬೇರೆ ಥರ ಓದಿದರು. ಅದು ಹೆಸರಲ್ಲ ಕಣ್ಲಾ, ಬಾಯಿಬಿಟ್ಟು ಓದು, ಆ ಆ ಆ. ಬಸ್ಸಿನ ಮೇಲಿಂದ ಬೀಳುವಾಗ ಯತ್ತಪ್ಪ ಕೂಗಿದ್ದು ಅದೇ. ಉಳಿದ ಒಂದು ಜೀವ ಆಡೋಕೆ ಬರ್ತಾವ್ನೆ.

ಈ ಮಾತು ಮದಲೂರಿಗೆ ತಲುಪಿತು. ಯತ್ತಪ್ಪನ ತಾಯಿ ರಂಗಕ್ಕ ಬೆಳಗಿನ ಬಸ್ಸಿಗೆ ಹೊರಟು ಬಂದಳು.

ಆ ಮಧ್ಯಾಹ್ನ ಹಮೀದುನ್ನೀಸಾ ಆಟ ಶುರು ಮಾಡಿ ಎರಡನೇ ಓಣಿಗೆ ಬಂದಿದ್ದಳಷ್ಟೇ, ಶೆಟರಿನ ಆಚೆಯಿಂದ ಒಂದು ಹೆಂಗಸಿನ ದನಿ ಕೇಳಿತು. ಬಹಳ ಹತ್ತಿರದಿಂದ, ಬಹಳ ಮೆತ್ತಗೆ.

"ಆಡು ಮಗಾ, ಆಡು. ಬಸ್ಸಿನ್ನೂ ಬಂದಿಲ್ಲ."

ಹಮೀದುನ್ನೀಸಾಳ ಕೈ ಕೋಲಿನ ಮೇಲೆಯೇ ಮರಗಟ್ಟಿತು. ತೋಳ ಮರಿಯನ್ನು ಹಿಡಿಯಿತು. ಆಚೆಯಿಂದ ಒಂದು ಬಿಕ್ಕು ಕೇಳಿತು, ಆಮೇಲೆ ಏನೂ ಇಲ್ಲ. ಹೆದರಿ ಮತ್ತೆ ಕೋಲು ಹಿಡಿದಳು. ಟುಕುಟುಕು ಶುರುವಾದೊಡನೆ ಆಚೆ ಯಾರೋ ಉಸಿರು ಬಿಟ್ಟು ಒರಗಿಕೊಂಡಂತೆ ಶೆಟರು ಸಣ್ಣಗೆ ಕದಲಿತು.

ರಂಗಕ್ಕ ದಿನಾ ಬರತೊಡಗಿದಳು. ಸುಡುವ ಮೆಟ್ಟಿಲ ಮೇಲೆ ಕಂಬಳಿ ಮಡಿಸಿ ಹಾಕಿ ಕೂತು, ಮುಚ್ಚಿದ ಬಾಗಿಲಿನೊಂದಿಗೆ ಮಾತಾಡುತ್ತಿದ್ದಳು. ಕರೇ ಕುರಿ ಈದೈತೆ ಮಗಾ. ನಿನ್ ಅಂಗಿ ಒಗ್ದು ಮಡಗಿವ್ನಿ. ಒಳಗೆ ಹಮೀದುನ್ನೀಸಾಳಿಗೆ ನಿಲ್ಲಿಸಲೂ ಆಗದು, ಆಡಲೂ ಆಗದು. ನಿಲ್ಲಿಸಿದರೆ ಆ ತಾಯಿಗೆ ಮಗ ಇನ್ನೊಮ್ಮೆ ಸತ್ತಂತೆ. ಆಡಿದರೆ ಸತ್ತವನ ವೇಷ ಹಾಕಿದಂತೆ. ತನ್ನದೆಂದು ಇದ್ದ ಒಂದೇ ಒಂದು ಸುಖ ಅವಳಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ಜೊತೆಗೆ ಇನ್ನೊಂದು ಭಯ. ಎರಡು ಸಲ, ಅವಳು ಮೂಲೆ ತಿರುಗಿಸುವ ಮುಂಚೆ, ಟಕ್ ಟಕ್ ಎಂಬ ಸದ್ದು ಕೇಳಿತು. ಅವಳು ಕೋಲು ಬಡಿದಿರಲಿಲ್ಲ.

ಇಷ್ಟು ಹೊತ್ತಿಗೆ ಹುಡುಗರು ಬರುವುದನ್ನು ನಿಲ್ಲಿಸಿದ್ದರು. ಒಂದು ಗುರುವಾರ ಮಲ್ಲಿಕಾರ್ಜುನಯ್ಯ, ಕಾಡಸಿದ್ದಪ್ಪ ಇಬ್ಬರೂ ಹುಸೇನ್ ಸಾಬರ ಅಂಗಡಿಯಲ್ಲಿ ಕೂತು ತೀರ್ಮಾನ ಮಾಡಿದರು. ಪೆಟ್ಟಿಗೆಯನ್ನು ಗಾಡಿಗೆ ಹೇರಿ ಮಾರನೆಯ ಸಂಜೆ ಕೆರೆಗೆ ಹಾಕುವುದು, ಹುಡುಗನ ಜೀವಕ್ಕೆ ಬಿಡುಗಡೆ. ರಂಗಕ್ಕ ಬಾಗಿಲಲ್ಲೇ ಕುಸಿದಳು. "ಬ್ಯಾಡಿ ಸ್ವಾಮಿ, ನನ್ ಮಗಂದು ಉಳ್ದಿರಾದೇ ಅದೊಂದು. ನೀರ್ಗೆ ಹಾಕ್ಬ್ಯಾಡಿ."

ಹಮೀದುನ್ನೀಸಾಳಿಗೆ ತಡೆಯಲಾಗಲಿಲ್ಲ. ಪರದೆಯ ಹಿಂದಿನಿಂದಲೇ ಹೇಳಿದಳು. "ಭಾಯಿಜಾನ್, ಮಧ್ಯಾಹ್ನ ಆಡ್ತಿದ್ದಿದ್ದು ನಾನು."

ಕಾಡಸಿದ್ದಪ್ಪ ಕಿಸಕ್ಕನೆ ನಕ್ಕ. "ಏನು ತಾಯಿ, ಕಾಲೇಜ್ ಹುಡುಗ್ರ ಕೈಲೇ ಆಗ್ದಿದ್ದು!"

"ಈಗಲೇ ಆಡಿ ತೋರಿಸ್ತೀನಿ."

ಮಲ್ಲಿಕಾರ್ಜುನಯ್ಯನವರು ನಗಲಿಲ್ಲ. ದನಿ ತಗ್ಗಿಸಿ, "ಸಾಬ್ರೇ, ನಿಮ್ಮ ಮನೆ ಹೆಂಗಸ್ರ ಬಾಯಲ್ಲೇ ಮಾತಾಡೋಕೆ ಶುರು ಮಾಡಿದೆ ಅದು," ಎಂದರು.

"ಚುಪ್!" ಹುಸೇನ್ ಸಾಬರು ಎದ್ದು ಪರದೆಗೆ ಅಡ್ಡ ನಿಂತರು. ಪರಗಂಡಸರ ಮುಂದೆ ತಂಗಿ ಪರದೆ ದಾಟುವುದೆಂದರೇನು? "ಒಳಗೆ ಹೋಗು ಹಮೀದಾ. ಅದು ನಿನ್ನನ್ನೂ ಹಿಡಿದಿದೆ."

ಸಂಜೆ ಅಣ್ಣ ದರ್ಗಾದಿಂದ ತಾಯಿತ ತಂದು ಅವಳ ತೋಳಿಗೆ ಕಟ್ಟಿದರು. ಅವಳು ಸುಮ್ಮನೆ ಕಟ್ಟಿಸಿಕೊಂಡಳು. ಸತ್ತ ಹುಡುಗ ಎದ್ದು ಬಂದು ಆಡುತ್ತಾನೆ ಎಂದರೆ ಇಡೀ ಶಿರಾ ನಂಬಿತು. ಬದುಕಿರುವ ಹಮೀದುನ್ನೀಸಾ ಆಡುತ್ತಾಳೆ ಎಂದರೆ ಒಡಹುಟ್ಟಿದವನೂ ನಂಬಲಿಲ್ಲ. ಆಡುವುದಕ್ಕೆ ಇನ್ನು ಒಂದೇ ಮಧ್ಯಾಹ್ನ ಉಳಿದಿತ್ತು.

ಶುಕ್ರವಾರ ಅಣ್ಣ ಮಸೀದಿಯಿಂದ ಬಂದು ಉಂಡು ಮಲಗಿದರು. ಹಮೀದುನ್ನೀಸಾ ಬುರ್ಖಾ ಹಾಕಿಕೊಂಡು ಹಿಂದಿನ ಓಣಿಯಿಂದ ಬಳಸಿ ಬೀದಿಗೆ ಹೋದಳು. ಮೆಟ್ಟಿಲ ಮೇಲಿದ್ದ ರಂಗಕ್ಕನ ಕೈ ಹಿಡಿದು, "ಬಾರಮ್ಮ," ಎಂದು ಹಿತ್ತಲ ಬಾಗಿಲಿನಿಂದ ಒಳಗೆ ಕರೆತಂದಳು. ಶೆಟರಿನ ತೂತುಗಳಿಂದ ಬಿಸಿಲಿನ ಎಳೆಗಳು ಬಿದ್ದಿದ್ದ ಕತ್ತಲ ಅಂಗಡಿ. ಹಮೀದುನ್ನೀಸಾ ಬುರ್ಖಾ ತೆಗೆದಿಟ್ಟು, ತಂತಿ ಒತ್ತಿ, ಕೋಲು ಹಿಡಿದಳು. ಟುಕುಟುಕು ಶುರುವಾಯಿತು.

ರಂಗಕ್ಕ ಗಾಜು ನೋಡಲಿಲ್ಲ. ಕೈ ನೋಡಿದಳು.

"ನೆನ್ನೆ ಅಂದಿದ್ದು ದಿಟವಾ? ನೀನೇನಾ ಆಡ್ತಿರಾದು?"

"ನಾನೇ ಅಮ್ಮ."

"ದಿನಾನೂವೆ?"

"ದಿನಾ."

"ಅಂಗಾರೆ ನನ್ ಮಗ?"

ಕೈ ನಿಲ್ಲಿಸದೆ ಹಮೀದುನ್ನೀಸಾ ಹೇಳಿದಳು. "ಗೊತ್ತಿಲ್ಲಮ್ಮ. ನೀನು ಕೇಳಿಸ್ಕೊಂಡಿದ್ದು ನನ್ನ ಆಟ. ಅವನನ್ನ ನೋಡಿ ಕಲಿತೆ, ಆ ಪರದೆ ಸಂದಿಯಿಂದ. ನಿನಗೆ ಸುಳ್ಳು ಹೇಳಿದಂಗಾಯ್ತು. ಮಾಫ್ ಮಾಡು."

ರಂಗಕ್ಕ ಬೈಯುತ್ತಾಳೆ, ಹೊರಟುಹೋಗುತ್ತಾಳೆ ಎಂದುಕೊಂಡರೆ, ಪಕ್ಕಕ್ಕೆ ಬಂದು ನಿಂತಳು. "ಮೊಣಕೈ ಅವ್ನಂಗೇ ಎತ್ತೀಯ. ಆಡು, ನೋಡ್ತೀನಿ."

ಮೊದಲ ಸಲ ಹಮೀದುನ್ನೀಸಾಳ ಆಟಕ್ಕೆ ಒಬ್ಬರು ಸಾಕ್ಷಿ ಇದ್ದರು. ಅವಳು ಯಾವತ್ತೂ ಹಾಗೆ ಆಡಿರಲಿಲ್ಲ. ಓಣಿಗಳು ಖಾಲಿಯಾಗಿ ಮತ್ತೆ ತುಂಬಿದವು, ತೋಳಗಳು ಹುಚ್ಚು ಹಿಡಿದಂತೆ ಓಡಿದವು, ಅವಳು ಅವುಗಳ ನಡುವೆಯೇ ನುಸುಳಿದಳು. ಮೊದಲ ಜೀವ ಹೋಗುವ ಹೊತ್ತಿಗೆ ಅವಳು ನೋಡಿರದ ಓಣಿಗಳು ಬಂದಿದ್ದವು. ಎರಡನೆಯದು ಹೋದಾಗ ಬಿಸಿಲ ಎಳೆಗಳು ನೆಲದ ಮೇಲೆ ಸರಿದಿದ್ದವು. ಮೂರನೆಯ ಮರಿ ಹುಟ್ಟಿ ಮೂಲೆಯಲ್ಲಿ ಮಿನುಗುತ್ತಾ ನಿಂತಿತು.

"ಇದೇ ಕೊನೇದಾ?" ಎಂದಳು ರಂಗಕ್ಕ.

"ಇದೊಂದೇ."

"ಇದನ್ನ ಅವ್ನಿಗೆ ಬುಟ್ಬುಡವ್ವಾ."

ಹಮೀದುನ್ನೀಸಾಳ ಕೈ ಒಪ್ಪಲಿಲ್ಲ. ಸಂಜೆಗೆ ಪೆಟ್ಟಿಗೆ ನೀರಿನ ತಳದಲ್ಲಿರುತ್ತದೆ. ಈ ಒಂದು ಜೀವವನ್ನೂ ಆಡಿದರೆ ಎಲ್ಲಿಯವರೆಗೆ ಹೋಗಬಹುದೋ! ಕೇಳಿದವಳ ಮುಖ ನೋಡಿದಳು. ಬೆರಳು ಒಂದೊಂದಾಗಿ ಬಿಡಿಸಿ ಕೋಲಿನಿಂದ ಕೈ ತೆಗೆದಳು. "ತಗೋ ಯತ್ತಪ್ಪ, ನಿಂದು," ಎಂದು ಗಾಜಿಗೆ ಹೇಳಿ, ರಂಗಕ್ಕನನ್ನು ಕರೆದುಕೊಂಡು ಅಡುಗೆಮನೆಗೆ ಬಂದು ಪರದೆ ಎಳೆದಳು.

ಕೈ ಬಿಟ್ಟ ಮರಿಯನ್ನು ತೋಳ ಹಿಡಿಯಲು ಒಂದು ಉಸಿರು ಸಾಕು. ಆಮೇಲೆ ಇಳಿಯುವ ರಾಗದಲ್ಲಿ ಯಂತ್ರ ಅಳುತ್ತದೆ. ಇಬ್ಬರೂ ಅದಕ್ಕೆ ಕಾದರು. ಬರಲಿಲ್ಲ. ಟುಕುಟುಕು ಮುಂದುವರಿಯಿತು. ನಿಂತು, ತಿರುಗಿ, ಮತ್ತೆ ಮುಂದುವರಿಯಿತು. ಪ್ರತಿ ಮೂಲೆಯಲ್ಲೂ, ತಿರುಗುವ ಮುಂಚೆ, ಮರಕ್ಕೆ ಕೋಲು ಬಡಿಯುವ ಸದ್ದು ಸ್ಪಷ್ಟವಾಗಿ ಕೇಳಿತು. ಟಕ್ ಟಕ್. ಹಮೀದುನ್ನೀಸಾಳ ತೋಳಿನ ರೋಮ ತಾಯಿತದ ದಾರದ ಸುತ್ತ ನೆಟ್ಟಗಾಯಿತು. ಪರದೆ ಅವಳ ಮೂಗಿನ ಮುಂದೆಯೇ ಇತ್ತು. ಸರಿಸಿ ನೋಡುವ ಧೈರ್ಯ ಅವಳಿಗೂ ಬರಲಿಲ್ಲ, ಆ ತಾಯಿಗೂ ಬರಲಿಲ್ಲ.

ಎಷ್ಟು ಹೊತ್ತೋ. ದೂರದಲ್ಲಿ ಬಸ್ಸಿನ ಹಾರನ್ನು ಕೇಳಿತು.

ರಂಗಕ್ಕ ಪರದೆಗೆ ಬಾಯಿ ಹತ್ತಿರ ತಂದು, ದಿನಾ ಹೇಳಿದಷ್ಟೇ ಮೆತ್ತಗೆ ಹೇಳಿದಳು. "ಬಸ್ಸು ಬಂತು ಮಗಾ. ಸಾಕು."

ಟುಕುಟುಕು ನಿಂತಿತು. ಇಳಿಯುವ ರಾಗ ಬಂತು. ಆಮೇಲೆ ಮೂರು ಸಲ, ಬಿಡಿಸಿ ಬಿಡಿಸಿ, ಗುಂಡಿ ಒತ್ತಿದ ಸದ್ದು.

ಹುಸೇನ್ ಸಾಬರು ಎದ್ದು ಬೀದಿಯ ಕಡೆಯಿಂದ ಹೋಗಿ ಬೀಗ ತೆಗೆದರು. ಪೆಟ್ಟಿಗೆ ಹೊರಲು ಬಂದ ಕಾಡಸಿದ್ದಪ್ಪ, ಅವನ ಹಿಂದೆ ಕಾಲೇಜು ಹುಡುಗರು. ಶೆಟರ್ ಎದ್ದಿತು, ಬೆಳಕು ಗಾಜಿನ ಮೇಲೆ ಬಿತ್ತು. ಒಬ್ಬ ಹುಡುಗ ಗಟ್ಟಿಯಾಗಿ ಓದಲು ಹೋಗಿ ಅರ್ಧಕ್ಕೆ ನಿಲ್ಲಿಸಿದ. ಪರದೆಯ ಸಂದಿನಿಂದ ಹಮೀದುನ್ನೀಸಾ ನೋಡಿದಳು. ಎಲ್ಲಕ್ಕಿಂತ ಮೇಲೆ, ಆ ಯಂತ್ರ ಯಾವತ್ತೂ ತೋರಿಸಿರದಷ್ಟು ದೊಡ್ಡ ಲೆಕ್ಕದ ಪಕ್ಕದಲ್ಲಿ, ಗುಡಾರ ಇರಲಿಲ್ಲ. ಕವೆ ಇತ್ತು. ಸುತ್ತಿಗೆ ಇತ್ತು. ಕೊಡಲಿ ಇತ್ತು.

ಗೋಣಿ ಮುಚ್ಚಿದರು, ಹಗ್ಗ ಬಿಗಿದರು, ಗಾಡಿಗೆ ಹೇರಿದರು. ಯತ್ತಪ್ಪ ಕೊನೆಗೂ ತನ್ನ ಆಟ ಮುಗಿಸಿದ ಎಂದು ಶಿರಾ ಅಂದಿನಿಂದ ಹೇಳುತ್ತಿದೆ, ಎಂಥಾ ಆಟ ಅಂತೀರಿ, ಸತ್ತವನಿಗಲ್ಲದೆ ಬದುಕಿದವರಿಗೆ ಸಾಧ್ಯವಾ ಅದು ಎನ್ನುತ್ತಿದೆ.

ಗಾಡಿಯ ಚಕ್ರದ ಸದ್ದು ಕೆರೆಯ ಕಡೆ ಇಳಿದುಹೋಗುವವರೆಗೂ ಹಮೀದುನ್ನೀಸಾ ಅಲ್ಲೇ ನಿಂತಿದ್ದಳು. ಭಯ ಇತ್ತು. ಅವನಿಗೆ ಕೊಟ್ಟೆನಲ್ಲ ಎಂಬ ಸಮಾಧಾನವೂ ಇತ್ತು. ಆದರೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟಿತ್ತು, ಸತ್ತವನ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎಂದು ತಿಳಿದೂ. ಒಂದು ಜೀವ ಕೊಟ್ಟಿದ್ದಕ್ಕೆ ಅವನು ಆಟವನ್ನೇ ತೆಗೆದುಕೊಂಡು ಹೋಗಿದ್ದ.

ಹಿತ್ತಲ ಬಾಗಿಲಲ್ಲಿ ರಂಗಕ್ಕ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡಳು. ಇನ್ನು ಅವಳು ಈ ಮೆಟ್ಟಿಲಿಗೆ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಹೊರಡುವವಳು ನಿಂತಳು. ಹಮೀದುನ್ನೀಸಾಳ ಬಲಗೈ ಹಿಡಿದು ಅಂಗೈ ತಿರುಗಿಸಿ, ಕೋಲು ಉಜ್ಜಿ ಉಜ್ಜಿ ದಡ್ಡುಗಟ್ಟಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದಳು.

"ಹೆಸ್ರು ಅವಂದೇ ಇರ್ಲಿ ಬುಡು," ಎಂದಳು. "ಮೊದ್ಲೆರಡು ಜೀವ ನಿಂದು. ನಾನು ನೋಡಿವ್ನಿ ಕಣವ್ವಾ."